ಹೊಸ್ತಿಲು ಕಾಯುವ ಕಬ್ಬಿಣ: ರಾಕರ್ ಗಾರ್ಡ್ ಎರಡು ಸಲ ಮಾಡಿದ ಕತೆ

ಗಾಡಿಯ ಬಲಗಡೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಅಲ್ಲೇ ನಿಂತಿತು. ಇನ್ನೂ ದೂಡಿದರೆ ಕೆಳಗಿನಿಂದ ಕರಕರ ಸದ್ದು. ಬಗ್ಗಿ ನೋಡಿದೆ. ಬಾಗಿಲನ್ನು ಕಾಯಲಿ ಎಂದು ನಾನೇ ಬೆಸೆದು ಹಾಕಿದ್ದ ಪೈಪು ಮೇಲೆದ್ದು ಬಾಗಿಲಿನ ಕೆಳ ಅಂಚನ್ನು ಕಚ್ಚಿಕೊಂಡಿತ್ತು. ಅಂಥ ದೊಡ್ಡ ಬಂಡೆಯೇನೂ ಅಲ್ಲ, ಮೊಣಕಾಲೆತ್ತರದ ಕಲ್ಲು. ಮುಂದಿನ ಚಕ್ರ ಅದರ ಮೇಲಿಂದ ಜಾರಿತು, ಗಾಡಿ ದೊಪ್ಪನೆ ಕೂತಿತು, ಅಷ್ಟೇ.

ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ತಗಡಿನ ಪೆಟ್ಟಿಗೆಗೆ ರಾಕರ್ ಪ್ಯಾನೆಲ್ ಅನ್ನುತ್ತಾರೆ. ನಾನು ಅದನ್ನು ಗಾಡಿಯ ಹೊಸ್ತಿಲು ಅಂತಲೇ ಕರೆಯುವುದು. ತೆಳು ತಗಡು, ಆದರೆ ಬಾಡಿಯ ಬಿಗಿಯಲ್ಲಿ ದೊಡ್ಡ ಪಾಲು ಅದರದು. ಬಂಪರ್ ಜಜ್ಜಿದರೆ ಬಿಚ್ಚಿ ಬೇರೆ ಹಾಕಬಹುದು. ಹೊಸ್ತಿಲು ಜಜ್ಜಿದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ನೀರು ಒಳಗೆ ಬರುತ್ತದೆ, ತುಕ್ಕು ಶುರುವಾಗುತ್ತದೆ. ಕಲ್ಲಿನ ದಾರಿಯಲ್ಲಿ ಓಡಾಡುವವರು ಎಲ್ಲಕ್ಕಿಂತ ಮೊದಲು ರಾಕರ್ ಗಾರ್ಡ್, ಅಂದರೆ ಈ ಹೊಸ್ತಿಲು ಕಾಯುವ ಪೈಪಿನ ಚೌಕಟ್ಟು, ಹಾಕಿಸುವುದು ಇದಕ್ಕೇ. ಕೆಲವರು ರಾಕ್ ಸ್ಲೈಡರ್ ಅಂತಲೂ ಅನ್ನುತ್ತಾರೆ. ಆ ಹೆಸರು ಕೆಲಸಕ್ಕೆ ಹತ್ತಿರ. ಗಾಡಿ ಕಲ್ಲಿನ ಮೇಲೆ ಕೂರಬೇಕು, ಜಾರಬೇಕು, ಮುಂದೆ ಹೋಗಬೇಕು.

ಅಂಗಡಿಯಲ್ಲಿ ಸಿಗುವ ಕಾಲಿಡುವ ಮೆಟ್ಟಿಲು ಬೇರೆ, ಇದು ಬೇರೆ. ಮೆಟ್ಟಿಲು ಒಬ್ಬ ಮನುಷ್ಯನ ಭಾರ ಹೊತ್ತರೆ ಸಾಕು. ಇದು ಗಾಡಿಯ ಭಾರ ಹೊರಬೇಕು. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಅದಕ್ಕೇ ಗಟ್ಟಿ ಪೈಪ್ ತಂದಿದ್ದೆ.

ಪೈಪ್ ಗಟ್ಟಿಯಾಗೇ ಇತ್ತು. ಗಾಡಿ ಎತ್ತಿ ನೋಡಿದಾಗ ಪೈಪಿಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಬಗ್ಗಿದ್ದು ಚಾಸಿ, ಗಾಡಿಯ ಅಡಿಯಲ್ಲಿರುವ ಪೆಟ್ಟಿಗೆಯಂಥ ಉಕ್ಕಿನ ಚೌಕಟ್ಟು. ಪೈಪನ್ನು ಚಾಸಿಗೆ ಹಿಡಿದಿಡುವ ತುಂಡುಗಳಿಗೆ ನಾನು ಕಾಲು ಅನ್ನುತ್ತೇನೆ. ನಡುವಿನ ಕಾಲು ಚಾಸಿಗೆ ಸೇರುವ ಕಡೆ ಮೇಲ್ಭಾಗದಲ್ಲಿ ಚಾಸಿಯ ಗೋಡೆ ಒಳಗೆ ತಗ್ಗಿತ್ತು, ಬೆರಳಿಟ್ಟರೆ ಕೂರುವಷ್ಟು. ಕೆಳಭಾಗದಲ್ಲಿ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು. ಬೆಸುಗೆ ಬಿಟ್ಟಿರಲಿಲ್ಲ, ಪಕ್ಕದ ಉಕ್ಕು ಹರಿದಿತ್ತು. ಜೊತೆಗೆ ಬಂದಿದ್ದ ಗೆಳೆಯ ಟಾರ್ಚ್ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಇದು ಗಾರ್ಡ್ ಅಲ್ಲ ಮಾರಾಯ, ನಿನ್ನ ಚಾಸಿಗೆ ನೀನೇ ಹೊಡೆದ ಮೊಳೆ" ಅಂದ.

ನಗು ಬರಲಿಲ್ಲ, ಆದರೆ ಮಾತು ಸರಿ ಇತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಪೈಪ್ ಚಾಸಿಯಿಂದ 200 ಮಿಲಿಮೀಟರ್ ಹೊರಗಿದೆ ಅಂದುಕೊಳ್ಳಿ. ಅದರ ಮೇಲೆ 600 ಕೆಜಿ ಬಿತ್ತು ಅಂದುಕೊಳ್ಳಿ. ಕಾಲು ಇಲ್ಲಿ ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ. ಹೊರ ತುದಿ ಮೇಲೇಳುವಾಗ ಬುಡದ ಮೇಲಂಚು ಚಾಸಿಯನ್ನು ಒಳಗೆ ದೂಡುತ್ತದೆ, ಕೆಳ ಅಂಚು ಹೊರಗೆ ಕೀಳುತ್ತದೆ. ನನ್ನ ಕಾಲಿನ ಬುಡದ ಎತ್ತರ ಬರೀ 48 ಮಿಲಿಮೀಟರ್. ಅಷ್ಟರಲ್ಲಿ ಈ ಹೊಡೆತ ಹಂಚಿಕೊಳ್ಳಬೇಕು ಅಂದರೆ ಮೇಲೊಂದು ಕೆಳಗೊಂದು ಸುಮಾರು ಎರಡೂವರೆ ಟನ್ ಬೀಳುತ್ತದೆ. ಅದೂ 3 ಮಿಲಿಮೀಟರ್ ದಪ್ಪದ ಗೋಡೆಯ ನಟ್ಟನಡುವೆ. ಇದು ಗಾಡಿಯನ್ನು ಮೆಲ್ಲಗೆ ಇಳಿಸಿದಾಗಿನ ಲೆಕ್ಕ. ಅಷ್ಟೇ ಭಾರವನ್ನು ಒಮ್ಮೆಲೇ ಬಿಟ್ಟರೆ, ಎತ್ತರದಿಂದ ಬೀಳದಿದ್ದರೂ ಹೊಡೆತ ಎರಡರಷ್ಟಾಗುತ್ತದೆ. ನನ್ನದು ಎತ್ತರದಿಂದಲೇ ಬಿದ್ದಿತ್ತು.

ಅದೇ ಕಾಲಿನ ಬುಡಕ್ಕೆ 110 ಮಿಲಿಮೀಟರ್ ಎತ್ತರದ ಪ್ಲೇಟ್ ಇದ್ದಿದ್ದರೆ? ಎರಡೂವರೆ ಟನ್ ಹೋಗಿ ಸುಮಾರು 1,100 ಕೆಜಿ ಆಗುತ್ತಿತ್ತು. ಅದೂ ಗೋಡೆಯ ನಡುವೆ ಬೀಳದೆ, ಚಾಸಿ ಪೆಟ್ಟಿಗೆಯ ಮೂಲೆಗಳ ಹತ್ತಿರ ಬೀಳುತ್ತಿತ್ತು. ಪೆಟ್ಟಿಗೆಗೆ ಬಲ ಇರುವುದು ಮೂಲೆಯಲ್ಲಿ. ರಟ್ಟಿನ ಡಬ್ಬದ ನಡುವೆ ಒತ್ತಿ ನೋಡಿ, ಆಮೇಲೆ ಅಂಚಿನ ಮೇಲೆ ಒತ್ತಿ ನೋಡಿ, ಗೊತ್ತಾಗುತ್ತದೆ.

ಹೀಗಾಗಿ ಎರಡನೇ ಸಲ ಕಾಲಿನಿಂದ ಶುರು ಮಾಡಿದೆ. ಪೈಪಿನ ಯೋಚನೆ ಕೊನೆಗೆ.

ಮೊದಲು ಹಳೆಯದನ್ನು ಕತ್ತರಿಸಿ ಬಿಸಾಡಿದೆ. ಬಿರುಕಿನ ಎರಡೂ ತುದಿ ಹುಡುಕಿ ಸಣ್ಣ ತೂತು ಕೊರೆದೆ. ಇಲ್ಲದಿದ್ದರೆ ಬಿರುಕು ಬೆಸುಗೆಯ ಕೆಳಗೇ ಮುಂದುವರಿಯುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ಗ್ರೈಂಡರ್‌ನಲ್ಲಿ ವಿ ಆಕಾರದ ಕಾಲುವೆ ತೆಗೆದು ಬೆಸುಗೆ ತುಂಬಿ ಸಮ ಮಾಡಿದೆ.

ಆಮೇಲೆ ಗಾಡಿಯ ಕೆಳಗೆ ಮಲಗಿ ಒಂದು ಪೂರ್ತಿ ದಿನ ಬರೀ ನೋಡಿದೆ. ಉತ್ಪ್ರೇಕ್ಷೆ ಅಲ್ಲ. ಬ್ರೇಕ್ ಪೈಪ್ ಎಲ್ಲಿ ಓಡುತ್ತದೆ, ಇಂಧನದ ಪೈಪ್ ಎಲ್ಲಿ, ವೈರಿನ ಗೊಂಚಲು ಎಲ್ಲಿ, ಸೈಲೆನ್ಸರ್ ಯಾವ ಕಡೆ, ಬಾಡಿಯನ್ನು ಚಾಸಿ ಮೇಲೆ ಕೂರಿಸುವ ರಬ್ಬರ್ ಬುಷ್‌ಗಳು ಎಲ್ಲೆಲ್ಲಿ. ಇವೆಲ್ಲ ಬಿಟ್ಟು ಉಳಿದ ಜಾಗದಲ್ಲಿ ಕಾಲು ಬರಬೇಕು. ಚಾಕ್‌ನಲ್ಲಿ ಗುರುತು ಹಾಕುತ್ತಾ ಹೋದರೆ ನಿಜವಾಗಿ ಖಾಲಿ ಇರುವ ಜಾಗ ಎಷ್ಟು ಕಡಿಮೆ ಅಂತ ಆಶ್ಚರ್ಯವಾಗುತ್ತದೆ. ನನಗೆ ಒಂದೊಂದು ಕಡೆ ನಾಲ್ಕು ಕಾಲಿಗೆ ಜಾಗ ಸಿಕ್ಕಿತು, ಸಮ ಅಂತರದಲ್ಲಿ ಅಲ್ಲ. ಸಮ ಇರಲೇಬೇಕು ಅಂತೇನೂ ಇಲ್ಲ. ತುದಿಯ ಕಾಲುಗಳು ಪೈಪಿನ ತುದಿಗೆ ಆದಷ್ಟು ಹತ್ತಿರ ಇದ್ದರೆ ಸಾಕು. ತುದಿ ತೇಲಿಕೊಂಡಿದ್ದರೆ ಅಲ್ಲೇ ಬಗ್ಗುವುದು.

ಚಾಸಿಗೂ ಬಾಡಿಗೂ ನಡುವೆ ರಬ್ಬರ್ ಇದೆ ಅಂದೆನಲ್ಲ, ಅದನ್ನು ಮರೆಯಬಾರದು. ಗಾಡಿ ಓಡುವಾಗ ಎರಡೂ ಬೇರೆ ಬೇರೆ ಅಲುಗುತ್ತವೆ. ಗಾರ್ಡ್ ಚಾಸಿಗೆ ಮಾತ್ರ ಅಂಟಿರಬೇಕು, ಬಾಡಿಗೆ ಎಲ್ಲೂ ತಾಗಬಾರದು. ಮೊದಲ ಸಲ ಚೆಂದಕ್ಕೆ ಅಂತ 8 ಮಿಲಿಮೀಟರ್ ಸಂದು ಬಿಟ್ಟಿದ್ದೆ. ಈ ಸಲ 20 ಬಿಟ್ಟೆ. ದೂರದಿಂದ ನೋಡಿದರೆ ಸ್ವಲ್ಪ ಜೋತುಬಿದ್ದ ಹಾಗೆ ಕಾಣುತ್ತದೆ, ಕಾಣಲಿ. ಇನ್ನು ಬೇರೆ ಚಾಸಿಯೇ ಇಲ್ಲದ, ಬಾಡಿಯೇ ಎಲ್ಲವೂ ಆಗಿರುವ ಗಾಡಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ನಾನು ಮಾಡಿದ್ದು ಏಣಿಯಂಥ ಚಾಸಿ ಇರುವ ಗಾಡಿಗೆ.

ಬೆಸುಗೆಯೋ ಬೋಲ್ಟೋ ಅಂತ ಎಲ್ಲರೂ ಕೇಳುತ್ತಾರೆ. ಬೋಲ್ಟಿನಲ್ಲಿ ಬಿಚ್ಚುವ ಸುಖ ಇದೆ. ಆದರೆ ಪೆಟ್ಟಿಗೆ ಚಾಸಿಗೆ ಆರಪಾರ ತೂತು ಕೊರೆದು ಬೋಲ್ಟು ಬಿಗಿದರೆ ಎರಡು ಗೋಡೆಯೂ ಒಳಗೆ ತಗ್ಗುತ್ತವೆ. ಆಮೇಲೆ ಬೋಲ್ಟು ಎಷ್ಟು ಬಿಗಿದರೂ ಸಡಿಲ. ಒಳಗೆ ದಪ್ಪ ಕೊಳವೆ ತೂರಿಸಿ ಅದರೊಳಗೆ ಬೋಲ್ಟು ಹಾಕಬೇಕು, ಅದು ದೊಡ್ಡ ಕೆಲಸ. ನಾನು ಬೆಸುಗೆಗೆ ಹೋದೆ. ಕೆಲವು ಗಾಡಿಗಳ ಚಾಸಿಯಲ್ಲಿ ಹೆಚ್ಚು ಬಲದ ಉಕ್ಕು ಇರುತ್ತದೆ, ಬೆಸುಗೆಯ ಬಿಸಿಗೆ ಆ ಜಾಗದ ಬಲ ಇಳಿಯುತ್ತದೆ. ಗಾಡಿಯ ರಿಪೇರಿ ಪುಸ್ತಕದಲ್ಲಿ ಚಾಸಿಗೆ ಬೆಸುಗೆ ಬೇಡ ಅಂತ ಇದ್ದರೆ ಬೇಡ, ಅಷ್ಟೇ. ಅಂಥ ಗಾಡಿಗೆ ಬೋಲ್ಟೇ ದಾರಿ.

ಪ್ಲೇಟ್‌ಗಳನ್ನು 5 ಮಿಲಿಮೀಟರ್ ತಗಡಿನಿಂದ ಕತ್ತರಿಸಿದೆ. 110 ಎತ್ತರ, 160 ಉದ್ದ. 10 ಮಿಲಿಮೀಟರ್ ಹಾಕು ಅಂತ ಒಬ್ಬರು ಹೇಳಿದ್ದರು. 3 ಮಿಲಿಮೀಟರ್ ಗೋಡೆಗೆ 10 ಮಿಲಿಮೀಟರ್ ಪ್ಲೇಟ್ ಬೆಸೆದರೆ ಪ್ಲೇಟ್ ಕಾಯುವ ಹೊತ್ತಿಗೆ ಗೋಡೆ ಕರಗಿ ತೂತಾಗುತ್ತದೆ. ಜೊತೆಗೆ ಅಷ್ಟು ಬಿಗಿಯಾದ ತುಂಡು ಮುಗಿಯುವ ಗೆರೆಯಲ್ಲೇ ಚಾಸಿ ಬಿರುಕು ಬಿಡುತ್ತದೆ. ಇದೇ ಕಾರಣಕ್ಕೆ ಪ್ಲೇಟನ್ನು ಸುಮ್ನೆ ಚೌಕವಾಗಿ ಬಿಡಲಿಲ್ಲ. ಎರಡು ಪಕ್ಕಗಳನ್ನೂ ಓರೆಯಾಗಿ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಉಜ್ಜಿದೆ. ಚಾಸಿಗೆ ಅಡ್ಡಲಾಗಿ ನೇರ ನಿಂತ ಬೆಸುಗೆ ಗೆರೆ ಇರಬಾರದು. ಚಾಸಿ ದಿನವೂ ಮೇಲೆ ಕೆಳಗೆ ಬಾಗುತ್ತಾ ಇರುತ್ತದೆ, ಅಡ್ಡ ಗೆರೆ ಸಿಕ್ಕಿದರೆ ಅಲ್ಲೇ ಹರಿಯಲು ಶುರು. ಓರೆ ಗೆರೆ ಆದರೆ ಹೊಡೆತ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗುತ್ತದೆ.

ಕಾಲಿಗೆ 50 ಬೈ 50ರ ಚೌಕ ಪೈಪ್, 4 ಮಿಲಿಮೀಟರ್ ದಪ್ಪ. ಬಾಗಿಲ ಕೆಳಗೆ ಉದ್ದಕ್ಕೆ ಓಡುವುದಕ್ಕೂ ಅದೇ. ಅದರ ಹೊರಗೆ, ಬಾಡಿಗಿಂತ ಆಚೆ ಚಾಚಿಕೊಂಡಿರುವುದಕ್ಕೆ ಗುಂಡು ಪೈಪ್. ಕಲ್ಲಿಗೂ ಮರದ ಬೊಡ್ಡೆಗೂ ಮೊದಲು ತಾಗುವುದು ಅದೇ, ಗುಂಡಗಿದ್ದರೆ ಜಾರುತ್ತದೆ. ಪೈಪ್ ತರುವಾಗ ಒಂದು ಮಾತು ನೆನಪಿರಲಿ. ನೀರಿನ ಪೈಪಿನ ಅಳತೆಯಲ್ಲಿ ಒಂದೂವರೆ ಇಂಚು ಅಂದರೆ ಹೊರಗಿನ ಅಗಲ 38 ಮಿಲಿಮೀಟರ್ ಅಲ್ಲ, 48.3. ಟ್ಯೂಬ್ ಅಂತ ಮಾರುವುದರಲ್ಲಿ ಹೇಳಿದ ಅಳತೆಯೇ ಹೊರಗಿನ ಅಳತೆ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ತೂತು ಕೊರೆಯುವ ಕಟರ್ ತಪ್ಪು ಸೈಜಿನದು ತಂದಿದ್ದೆ. ಇನ್ನೊಂದು, ಸತುವಿನ ಲೇಪ ಇರುವ ಪೈಪ್ ಬೇಡವೇ ಬೇಡ. ಬೆಸುಗೆಯಲ್ಲಿ ಸತು ಉರಿದು ಬರುವ ಬಿಳಿ ಹೊಗೆ ಒಳಗೆ ಹೋದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತದೆ.

ಗುಂಡು ಪೈಪಿನ ಹಿಂದಿನ ತುದಿಯನ್ನು ಹೊರಕ್ಕೆ 20 ಡಿಗ್ರಿ ಬಗ್ಗಿಸಬೇಕಿತ್ತು. ಮರದ ಪಕ್ಕ ತಿರುಗುವಾಗ ಈ ಬಾಗು ಬೊಡ್ಡೆಗೆ ಒರಗಿ ಗಾಡಿಯ ಹಿಂಭಾಗವನ್ನು ಆಚೆ ದೂಡುತ್ತದೆ. ಪೈಪ್ ಬಗ್ಗಿಸುವ ಮಷೀನ್, ಬೆಂಡರ್, ನನ್ನಲ್ಲಿಲ್ಲ. ಹಳೇ ಉಪಾಯ ನೆನಪಾಯಿತು: ಮರಳು ತುಂಬಿ, ಎರಡೂ ಕಡೆ ಮುಚ್ಚಿ, ಕಾಯಿಸಿ ಬಗ್ಗಿಸುವುದು. ಮರಳು ಪೂರ್ತಿ ಒಣಗಿರಬೇಕು. ಹಸಿ ಇದ್ದರೆ ಒಳಗೆ ಹಬೆ ಕಟ್ಟಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ನನ್ನ ಮರಳು ಒಣಗಿತ್ತು, ಆದರೆ ಸರಿಯಾಗಿ ಕುಟ್ಟಿ ತುಂಬಿರಲಿಲ್ಲ. ಬಾಗಿನ ಒಳಮೈ ಹಳೆಯ ಅಂಗಿಯ ತೋಳಿನ ಹಾಗೆ ಸುಕ್ಕಾಯಿತು. ಸುಕ್ಕು ಬಿದ್ದ ಪೈಪ್ ಮುಂದಿನ ಹೊಡೆತಕ್ಕೆ ಅಲ್ಲೇ ಮಡಚುತ್ತದೆ. ಬಿಸಾಡಿ, ಅಚ್ಚಿನ ಸುತ್ತ ಎಳೆದು ಬಗ್ಗಿಸುವ ಮಷೀನ್ ಇರುವ ಕಡೆ ಕೊಟ್ಟು ಬಗ್ಗಿಸಿಕೊಂಡು ಬಂದೆ. ಹತ್ತು ನಿಮಿಷದ ಕೆಲಸ. ಎರಡು ದಿನ ಹಾಳು ಮಾಡಿಕೊಂಡಿದ್ದು ನಾನು.

ಗುಂಡು ಪೈಪಿಗೆ ಚೌಕ ಪೈಪಿನಿಂದ ಬರುವ ಅಡ್ಡ ತುಂಡು ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು. ಬೇಸರದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಇಷ್ಟವಾಯಿತು. ಗ್ರೈಂಡರ್‌ನಲ್ಲಿ ಎರಡು ಓರೆ ಕತ್ತರಿಸಿ, ಉಳಿದದ್ದನ್ನು ಅರೆಗುಂಡು ಅರದಲ್ಲಿ ಉಜ್ಜುವುದು. ಪೈಪಿಗೆ ಇಟ್ಟು ಹಿಂದಿನಿಂದ ಟಾರ್ಚ್ ಬಿಡುವುದು. ಬೆಳಕು ಎಲ್ಲಿ ಕಾಣುತ್ತದೋ ಅಲ್ಲಿ ಸಂದು. ಬೆಸುಗೆ ವೈರಿನ ದಪ್ಪಕ್ಕಿಂತ ಜಾಸ್ತಿ ಬೆಳಕು ಕಂಡರೆ ಮತ್ತೆ ಅರಕ್ಕೆ. ಸಂದನ್ನು ಬೆಸುಗೆಯಿಂದ ತುಂಬಬಹುದು ನಿಜ, ಆದರೆ ಹಾಗೆ ತುಂಬಿದ್ದೆಲ್ಲ ಆರುವಾಗ ಎಳೆದುಕೊಳ್ಳುತ್ತದೆ, ಚೌಕಟ್ಟು ಸೊಟ್ಟಗಾಗುತ್ತದೆ.

ಸೊಟ್ಟ ಆಗುವುದು ಇಡೀ ಕೆಲಸದ ದೊಡ್ಡ ತಲೆನೋವು. ಅಡ್ಡ ತುಂಡುಗಳೆಲ್ಲ ಉದ್ದ ಪೈಪಿನ ಒಂದೇ ಮೈಗೆ ಬರುತ್ತವೆ. ಬೆಸುಗೆ ಹಾಕಿದ ಮೈ ಆರುತ್ತಾ ಕುಗ್ಗುತ್ತದೆ, ಪೈಪ್ ಬಿಲ್ಲಿನ ಹಾಗೆ ಬಾಗುತ್ತದೆ. ಮೊದಲ ಸಲ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಬೆಸೆಯುತ್ತಾ ಹೋಗಿದ್ದೆ. ನಡುವೆ ಆರು ಮಿಲಿಮೀಟರ್ ಬಾಗಿತ್ತು. ಈ ಸಲ ಎಡದ್ದು ಬಲದ್ದು ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕ್ಲ್ಯಾಂಪ್ ಬಿಗಿದೆ. ಮೊದಲು ಎಲ್ಲ ಕಡೆ ಬರೀ ಟ್ಯಾಕ್, ಅಂದರೆ ತುಂಡು ಅಲುಗದಿರಲಿ ಅಂತ ಹಾಕುವ ಚುಕ್ಕೆ ಬೆಸುಗೆ. ಆಮೇಲೆ ಇದರಲ್ಲೊಂದು ಅದರಲ್ಲೊಂದು, ಈ ತುದಿಗೊಂದು ಆ ತುದಿಗೊಂದು. ಒಂದು ಎಳೆದರೆ ಇನ್ನೊಂದು ಎದುರು ಎಳೆಯುತ್ತದೆ. ಪೂರ್ತಿ ತಣ್ಣಗಾಗುವ ತನಕ ಕ್ಲ್ಯಾಂಪ್ ಮುಟ್ಟಲಿಲ್ಲ. ದಾರ ಹಿಡಿದು ನೋಡಿದಾಗ ಒಂದು ಮಿಲಿಮೀಟರ್‌ನ ಆಸುಪಾಸು ಇತ್ತು.

ಪೈಪಿನ ತುದಿ ಮುಚ್ಚುವಾಗ ಒಂದು ತಮಾಷೆ ಆಯಿತು. ಮುಚ್ಚಳದ ಸುತ್ತ ಬೆಸೆಯುತ್ತಾ ಬಂದು ಕೊನೆಯ ಅರ್ಧ ಇಂಚು ಇರುವಾಗ, ಪುಸ್ ಅಂತ ಕರಗಿದ ಲೋಹವೆಲ್ಲ ಹೊರಕ್ಕೆ ಉಗುಳಿತು. ಮತ್ತೆ ತುಂಬಿದೆ, ಮತ್ತೆ ಉಗುಳಿತು. ಒಳಗಿನ ಗಾಳಿ ಕಾದು ಹೊರಬರಲು ದಾರಿ ಹುಡುಕುತ್ತಿತ್ತು. ಕೆಳಗಡೆ 3 ಮಿಲಿಮೀಟರ್‌ನ ಒಂದು ತೂತು ಕೊರೆದೆ, ಆಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಈಗ ಅದೇ ತೂತು ಒಳಗಿನ ನೀರು ಇಳಿಯಲೂ ಆಗುತ್ತದೆ.

ಗಾಡಿಗೆ ಬೆಸೆಯುವ ದಿನ ನಿಧಾನ ಮಾಡಿದೆ. ಬ್ಯಾಟರಿಯ ಎರಡೂ ವೈರ್ ಬಿಚ್ಚಿದೆ. ವೆಲ್ಡಿಂಗ್ ಮಷೀನಿನ ಅರ್ಥಿಂಗ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ, ಬಣ್ಣ ಕೆರೆದ ಉಕ್ಕಿಗೆ ಹಾಕಿದೆ. ದೂರ ಹಾಕಿದರೆ ಕರೆಂಟು ಬೇರಿಂಗ್, ಸೆನ್ಸರ್‌ಗಳ ಮೂಲಕ ದಾರಿ ಹುಡುಕುತ್ತದೆ. ಇಂಧನದ ಪೈಪನ್ನೂ ವೈರನ್ನೂ ಕ್ಲಿಪ್‌ನಿಂದ ಬಿಡಿಸಿ ಆಚೆ ಕಟ್ಟಿ, ಮೇಲೆ ಬೆಂಕಿ ಹಿಡಿಯದ ಬಟ್ಟೆ ಹೊದಿಸಿದೆ. ಚಾಸಿಯ ಮೇಲಿನ ಕಪ್ಪು ಲೇಪವನ್ನು ಗುರುತಿನಿಂದ ಒಂದು ಗೇಣು ಆಚೆಯವರೆಗೆ ಕೆರೆದೆ, ಅದು ಸೊಗಸಾಗಿ ಉರಿಯುವ ವಸ್ತು. ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಸ್ಪ್ರೇ ಕೈಗೆತ್ತಿಕೊಂಡಿದ್ದೆ, ಪಕ್ಕಕ್ಕಿಟ್ಟೆ. ಕ್ಲೋರಿನ್ ಇರುವ ಕ್ಲೀನರ್‌ನ ಪಸೆ ಉಳಿದ ಕಡೆ ಬೆಸುಗೆಯ ಕಿಡಿ ಹೊತ್ತಿಸಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಟ್ಟೆ. ಗೆಳೆಯ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕೂತ. ಮುಗಿದ ಮೇಲೂ ಅರ್ಧ ಗಂಟೆ ಏಳಬೇಡ ಅಂದೆ. ಗೊಣಗಿದ, ಆದರೆ ಕೂತ.

ಮೊದಲು ಅದೇ ದಪ್ಪದ ಎರಡು ಚೂರು ಬೆಸೆದು, ವೈಸಿಗೆ ಹಾಕಿ ಸುತ್ತಿಗೆಯಲ್ಲಿ ಬಡಿದು ನೋಡಿದೆ. ಬೆಸುಗೆ ಬಿಡದೆ ತಗಡೇ ಬಗ್ಗಿತು. ಆಮೇಲೆ ಪ್ಲೇಟ್‌ಗಳು ಚಾಸಿಗೆ ಹೋದವು. ಚೌಕಟ್ಟನ್ನು ಜ್ಯಾಕಿನ ಮೇಲೆ ಕೂರಿಸಿ, ಬಾಡಿಗೂ ಅದಕ್ಕೂ ನಡುವೆ 20 ಮಿಲಿಮೀಟರ್ ಮರದ ತುಂಡು ಸಿಕ್ಕಿಸಿ, ಕಾಲು ಬೆಸೆದೆ. ಕಾಲುಗಳು ಹೊರಕ್ಕೆ ಹೋಗುತ್ತಾ ಸುಮಾರು 15 ಡಿಗ್ರಿ ಮೇಲೇರುತ್ತವೆ. ನೆಲದಿಂದ ಎತ್ತರ ಉಳಿಯಲಿ ಅಂತ. ಟ್ಯಾಕ್ ಹಾಕಿದ ತಕ್ಷಣ ನಾಲ್ಕೂ ಬಾಗಿಲು ತೆಗೆದು ಮುಚ್ಚಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಟೈರ್ ತಾಗುತ್ತದಾ ನೋಡಿದೆ. ಬಲಗಡೆ ಒಂದು ಬೆರಳಿನಷ್ಟೇ ಬಿಡುವು. ಸಸ್ಪೆನ್ಷನ್ ಒತ್ತಿದಾಗ ಅದೂ ಹೋಗುತ್ತದೆ. ಪೈಪಿನ ಮೂತಿ 40 ಮಿಲಿಮೀಟರ್ ಕತ್ತರಿಸಿದೆ. ಪೂರ್ತಿ ಬೆಸೆದ ಮೇಲೆ ನೋಡಿದ್ದರೆ ಅಳುವುದೊಂದೇ ಬಾಕಿ, ಅಲ್ವಾ?

ಮಲಗಿಕೊಂಡು ತಲೆಯ ಮೇಲೆ ಬೆಸೆಯುವ ಸುಖದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಲರ್‌ನ ಗುಂಡಿ ಹಾಕಿಕೊಳ್ಳಿ, ಅಷ್ಟು ಸಾಕು. ನನ್ನ ಕುತ್ತಿಗೆಯಲ್ಲಿ ಗುರುತಿದೆ.

ಬಣ್ಣದ ವಿಷಯಕ್ಕೆ ಬಂದರೆ ಪೌಡರ್ ಕೋಟಿಂಗ್ ಮಾಡಿಸು ಅಂದವರೇ ಜಾಸ್ತಿ. ಕಲ್ಲು ಉಜ್ಜುವ ಜಾಗಕ್ಕೆ ಅದು ಯಾಕೆ ಅಂತ ನನ್ನ ಪ್ರಶ್ನೆ. ಒಂದು ಚೂರು ಎದ್ದರೆ ಅದರಡಿ ತುಕ್ಕು ಹಬ್ಬುತ್ತದೆ, ಕಾಣುವುದೂ ಇಲ್ಲ. ಸತು ಇರುವ ಪ್ರೈಮರ್, ಮೇಲೆ ಸಾದಾ ಕಪ್ಪು ಬಣ್ಣ. ಗೀರು ಬಿದ್ದಾಗ ಬ್ರಷ್ ಹಿಡಿದು ಹಚ್ಚಿದರಾಯಿತು. ಬೆಸುಗೆಯ ಬಿಸಿಗೆ ಚಾಸಿಯ ಒಳಗಿನ ಬಣ್ಣವೂ ಸುಟ್ಟಿರುತ್ತದೆ. ಅಲ್ಲಿಗೆ ಉದ್ದ ಕೊಳವೆಯ ಸ್ಪ್ರೇಯಿಂದ ಮೇಣ ಹೊಡೆದೆ. ಇದನ್ನು ಮರೆಯುವವರೇ ಹೆಚ್ಚು.

ಪರೀಕ್ಷೆಗೆ ಕಲ್ಲಿನ ದಾರಿಗೆ ಹೋಗಲಿಲ್ಲ. ಗಾರ್ಡಿನ ನಟ್ಟನಡುವೆ ಜ್ಯಾಕ್ ಇಟ್ಟು ಆ ಕಡೆಯ ಎರಡೂ ಚಕ್ರ ನೆಲ ಬಿಡುವ ತನಕ ಎತ್ತಿದೆ. ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟಿದ್ದೆ, ಗಾಡಿಯ ಕೆಳಗೆ ಯಾರೂ ಇರಲಿಲ್ಲ. ಸಂದು 20ರಿಂದ 17ಕ್ಕೆ ಇಳಿಯಿತು. ಇಳಿಸಿದಾಗ ಮತ್ತೆ 20. ಉಕ್ಕು ಬಾಗಿ ವಾಪಸ್ ಬಂದಿತ್ತು, ಅದೇ ಬೇಕಿದ್ದದ್ದು. ಪ್ಲೇಟ್ ಸುತ್ತ ಬಣ್ಣ ಬಿರಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. ಇಲ್ಲ.

ತೂಕ ಒಂದು ಕಡೆಗೆ ಸುಮಾರು 27 ಕೆಜಿ. ಎರಡೂ ಸೇರಿ ಒಬ್ಬ ಸಣಕಲು ಮನುಷ್ಯ ಸದಾ ಗಾಡಿಯಲ್ಲಿ ಕೂತ ಹಾಗೆ. ಏರಿನಲ್ಲಿ ಗೊತ್ತಾಗುವಷ್ಟೇನಲ್ಲ.

ಆಮೇಲೆ ಅದೇ ಮೊಣಕಾಲೆತ್ತರದ ಕಲ್ಲಿಗೆ ಹೋದೆವು. ಬೇಕೆಂದೇ ಅದೇ ಚಕ್ರ ಹತ್ತಿಸಿದೆ, ಅದೇ ಥರ ಜಾರಿತು, ದೊಪ್ಪನೆ ಕೂತಿತು. ಹಲ್ಲು ಜುಮ್ಮೆನ್ನುವ ಹಾಗೆ ಒಂದು ಗೀರುವ ಸದ್ದು, ಆಮೇಲೆ ಗಾಡಿ ಗುಂಡು ಪೈಪಿನ ಮೇಲೆ ಜಾರುತ್ತಾ ಮುಂದೆ ಹೋಯಿತು. ಇಳಿದು ಬಾಗಿಲು ತೆಗೆದೆ. ಪೂರ್ತಿ ತೆರೆಯಿತು. ಗೆಳೆಯ ಮಾತ್ರ ಬಾಗಿಲು ನೋಡದೆ ಸೀದಾ ಕೆಳಗೆ ಮಲಗಿ ಪ್ಲೇಟ್ ನೋಡಿದ. "ಮೊಳೆ ಅಲ್ಲ" ಅಂದ, ಅಷ್ಟೇ.

ಒಂದು ಕೊರತೆ ಉಳಿದಿದೆ. ಎರಡು ಪೈಪಿನ ನಡುವೆ ಕಾಲಿಡಲು ಅಂತ ಹಾಕಿದ 3 ಮಿಲಿಮೀಟರ್ ತಗಡಿನ ಮೇಲೆ ಕೆಸರು ಗುಡ್ಡೆ ಬೀಳುತ್ತದೆ. ಅದು ಒಣಗಿ ಬಾಡಿಯ ಸಂದಿಗೆ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ತಗಡಿಗೆ ದೊಡ್ಡ ತೂತು ಕೊರೆಯಬೇಕು. ಕಟರ್ ಇದೆ, ಈ ಸಲ ಸರಿಯಾದ ಸೈಜಿನದೇ.